ಶುಕ್ರವಾರದ ಅಂತ್ಯಾಕ್ಷರಿ ಮೂರೇ ವಾರಕ್ಕೆ ಯಾಕೆ ನಿಂತಿತು?

ಪ್ರಶ್ನೆ: ಹಾಸನದಲ್ಲಿ ನನ್ನದೊಂದು ಸಣ್ಣ ಕ್ರಿಯೇಟಿವ್ ಏಜೆನ್ಸಿ ಇದೆ. ಲೋಗೋ, ಪ್ಯಾಕೇಜಿಂಗ್, ಸೋಶಿಯಲ್ ಮೀಡಿಯಾ, ವಿಡಿಯೊ ಎಲ್ಲ ಮಾಡುತ್ತೇವೆ. ಕಾಫಿ ಪುಡಿ ಬ್ರಾಂಡ್‌ಗಳು, ಹೋಂಸ್ಟೇಗಳು, ಒಂದು ಒಡವೆ ಅಂಗಡಿ, ಎರಡು ಶಾಲೆ ನಮ್ಮ ಕ್ಲೈಂಟ್‌ಗಳು. ನಾಲ್ಕು ಜನ ಇದ್ದಾಗ ಒಂದೇ ಮೇಜಿನ ಸುತ್ತ ಕೂತು ನಗಾಡಿಕೊಂಡು ಕೆಲಸ ಮಾಡುತ್ತಿದ್ದೆವು. ಈಗ 11 ಜನ ಇದ್ದೇವೆ. ಹೋದ ವರ್ಷ ದೊಡ್ಡ ಹಾಲ್‌ಗೆ ಬಂದೆವು. ನಡುವೆ ಗೋಡೆ ಬೇಡ ಅಂತ ಓಪನ್ ಆಫೀಸ್ ಮಾಡಿಸಿದೆ. ಆದರೆ ಎಲ್ಲರೂ ಹೆಡ್‌ಫೋನ್ ಹಾಕಿಕೊಂಡು ಕೂತಿರುತ್ತಾರೆ, ಮಾತೇ ಇಲ್ಲ. ಶುಕ್ರವಾರ ಸಂಜೆ ಅಂತ್ಯಾಕ್ಷರಿ, ಆಟ ಅಂತ ಶುರು ಮಾಡಿದೆ. ಮೂರನೇ ವಾರಕ್ಕೆ ಅರ್ಧ ಜನ ನೆಪ ಹೇಳಿದರು. ನಾನು ಏನನ್ನೂ ಮುಚ್ಚಿಡುವುದಿಲ್ಲ. ಕ್ಲೈಂಟ್ ಬೈದ ಮೆಸೇಜನ್ನೂ ವಾಟ್ಸಾಪ್ ಗ್ರೂಪಿಗೆ ಹಾಕುತ್ತೇನೆ, ಎಲ್ಲರಿಗೂ ಎಲ್ಲ ಗೊತ್ತಿರಲಿ ಅಂತ. ನಾವೆಲ್ಲ ಒಂದೇ ಮನೆಯವರು ಅಂತಲೇ ಹೇಳುತ್ತೇನೆ. ಆದರೂ ಎರಡು ವರ್ಷ ಕೆಲಸ ಕಲಿತವರು ಬೆಂಗಳೂರಿಗೆ ಹೊರಟುಬಿಡುತ್ತಾರೆ. ಎಲ್ಲರನ್ನೂ ಒಂದು ಸಲ ಸಕಲೇಶಪುರಕ್ಕೆ ಟ್ರಿಪ್ ಕರೆದುಕೊಂಡು ಹೋದರೆ ಸರಿಹೋಗುತ್ತಾ?

ಉತ್ತರ: ಟ್ರಿಪ್ ವಿಷಯಕ್ಕೆ ಆಮೇಲೆ ಬರೋಣ. ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತಿದ್ದು ಅಂತ್ಯಾಕ್ಷರಿ ಮೇಲಲ್ಲ, ಹೆಡ್‌ಫೋನ್ ಮೇಲೂ ಅಲ್ಲ. ನಡುವೆ ಹಾಗೇ ಹೇಳಿ ಮುಂದೆ ಹೋದಿರಲ್ಲ, ಕ್ಲೈಂಟ್ ಬೈದ ಮೆಸೇಜನ್ನ ಗ್ರೂಪಿಗೆ ಹಾಕುತ್ತೇನೆ ಅಂತ, ಆ ಸಾಲಿನ ಮೇಲೆ.

ಅಲ್ಲಿ ಏನಾಗುತ್ತೆ ನೋಡಿ. ರಾತ್ರಿ ಒಂಬತ್ತೂವರೆ. ಒಡವೆ ಅಂಗಡಿಯವರು ನಿಮಗೊಂದು ಮೆಸೇಜ್ ಕಳಿಸುತ್ತಾರೆ: ‘ಏನ್ರೀ ಇದು, ನಮ್ಮ ಅಂಗಡಿ ಹುಡುಗ ಇದಕ್ಕಿಂತ ಚೆನ್ನಾಗಿ ಮಾಡ್ತಿದ್ದ.’ ನೀವು ಅದನ್ನ ಹಾಗೇ ಗ್ರೂಪಿಗೆ ತಳ್ಳುತ್ತೀರಿ. ಯಾರ ಹೆಸರೂ ಹಾಕಿಲ್ಲ, ಸರಿ. ಆದರೆ ಆ ಡಿಸೈನ್ ಯಾರದು ಅಂತ ಎಲ್ಲರಿಗೂ ಗೊತ್ತು. ಒಬ್ಬರು ಹೆಬ್ಬೆರಳು ಒತ್ತುತ್ತಾರೆ. ಇನ್ನೊಬ್ಬರು ‘ನೋಟೆಡ್’ ಅನ್ನುತ್ತಾರೆ. ಡಿಸೈನ್ ಮಾಡಿದ ಹುಡುಗಿ ಮಾತ್ರ ಏನೂ ಹಾಕಲ್ಲ. ಮಾರನೇ ದಿನ ಆಫೀಸಿಗೆ ಬಂದು ಅವಳು ಮಾಡುವ ಮೊದಲ ಕೆಲಸ ಹೆಡ್‌ಫೋನ್ ಏರಿಸುವುದು. ಎರಡನೆಯದು, ಸ್ಕ್ರೀನನ್ನ ಸ್ವಲ್ಪ ಗೋಡೆ ಕಡೆ ತಿರುಗಿಸುವುದು.

ಇನ್ನು ಅವಳು ಅರ್ಧ ಆದ ಕೆಲಸವನ್ನ ಯಾರಿಗೂ ತೋರಿಸಲ್ಲ. ಪೂರ್ತಿ ಆದ ಮೇಲೆ, ಅದೂ ಡೆಡ್‌ಲೈನಿಗೆ ಹತ್ತು ನಿಮಿಷ ಇದ್ದಾಗ ತೋರಿಸುತ್ತಾಳೆ. ಆಗ ತಿದ್ದಲು ಹೊತ್ತಿರಲ್ಲ. ಮತ್ತೆ ಕ್ಲೈಂಟ್ ಬೈತಾರೆ, ಮತ್ತೆ ಆ ಮೆಸೇಜ್ ಗ್ರೂಪಿಗೆ ಬರುತ್ತೆ. ನಿಮಗೆ ಆಫೀಸಿನಲ್ಲಿ ಕೇಳಿಸುತ್ತಿರುವ ಮೌನ ಬೇಜಾರಿನ ಮೌನ ಅಲ್ಲ, ಹುಷಾರಿನ ಮೌನ. ಹುಷಾರಾಗಿ ಕೂತವರನ್ನ ಕರೆದು ಹಾಡು ಹೇಳಿ ಅಂದರೆ ಎಷ್ಟು ವಾರ ಹೇಳುತ್ತಾರೆ?

ಇದರ ಬಗ್ಗೆ ಒಳ್ಳೆಯ ಸಂಶೋಧನೆ ಇದೆ. ಹಾರ್ವರ್ಡ್‌ನ ಏಮಿ ಎಡ್ಮಂಡ್‌ಸನ್ 1990ರ ದಶಕದಲ್ಲಿ ಆಸ್ಪತ್ರೆಗಳ ತಂಡಗಳನ್ನ ನೋಡಿದರು. ಒಳ್ಳೆಯ ತಂಡದಲ್ಲಿ ಔಷಧಿ ಕೊಡುವಾಗ ತಪ್ಪು ಕಡಿಮೆ ಆಗುತ್ತೆ ಅನ್ನೋದು ಅವರ ಎಣಿಕೆ. ಲೆಕ್ಕ ಉಲ್ಟಾ ಬಂತು. ಚೆನ್ನಾಗಿ ನಡೆಯುವ ತಂಡಗಳಲ್ಲೇ ತಪ್ಪುಗಳು ಜಾಸ್ತಿ ದಾಖಲಾಗಿದ್ದವು. ಯಾಕಂದರೆ ಅಲ್ಲಿನ ನರ್ಸ್‌ಗಳು ತಪ್ಪಾದರೆ ಬಾಯಿಬಿಟ್ಟು ಹೇಳುತ್ತಿದ್ದರು. ಉಳಿದ ಕಡೆ ಮುಚ್ಚಿಡುತ್ತಿದ್ದರು. ಬಾಯಿಬಿಟ್ಟರೆ ಯಾರೂ ಮರ್ಯಾದೆ ತೆಗೆಯಲ್ಲ ಅನ್ನೋ ಆ ನಂಬಿಕೆಯ ಬಗ್ಗೆಯೇ ಅವರು 1999ರಲ್ಲಿ ಇನ್ನೊಂದು ಲೇಖನ ಬರೆದರು. ಆಫೀಸುಗಳ ಬಗ್ಗೆ ಮಾತಾಡುವವರೆಲ್ಲ ಇವತ್ತಿಗೂ ಅದನ್ನೇ ಹಿಡಿದು ಮಾತಾಡುತ್ತಾರೆ. ಔಷಧಿ ಲೆಕ್ಕಕ್ಕೂ ಲೋಗೋಗೂ ತುಂಬಾ ದೂರ ಅನ್ನಿಸಬಹುದು. ಆದರೆ ಏಜೆನ್ಸಿಯಲ್ಲಿ ದಿನಾ ಮಾಡುವ ಕೆಲಸವೇ ಇನ್ನೂ ಸರಿಯಾಗದ್ದನ್ನ ಇನ್ನೊಬ್ಬರ ಕಣ್ಣ ಮುಂದೆ ಇಡುವುದು, ಅಲ್ವಾ?

ಹಾಗಾಗಿ ಮೊದಲ ಕೆಲಸ ಆ ಗ್ರೂಪಿನದು. ಕ್ಲೈಂಟ್ ಸಿಟ್ಟು ನಿಮ್ಮಲ್ಲೋ, ಆ ಕ್ಲೈಂಟನ್ನ ನೋಡಿಕೊಳ್ಳುವವರಲ್ಲೋ ನಿಲ್ಲಬೇಕು. ಅದಕ್ಕೇ ನಿಮಗೆ ಜಾಸ್ತಿ ದುಡ್ಡು ಬರೋದು. ಸಿಟ್ಟಿನಲ್ಲಿ ಕೆಲಸದ ಮಾತು ಎಷ್ಟಿದೆಯೋ ಅಷ್ಟನ್ನ ಸೋಸಿ, ಬೆಳಿಗ್ಗೆ, ಆ ಕೆಲಸ ಮಾಡಿದವರಿಗೆ ಮಾತ್ರ ಹೇಳಿ. ‘ಹಾರದ ಫೋಟೊ ಅವರಿಗೆ ಚಿಕ್ಕದಾಯಿತಂತೆ. ಬೆಲೆ ಕಾಣುತ್ತಿಲ್ಲ ಅಂತಾರೆ. ಬಣ್ಣ ಇಷ್ಟ ಆಗಿದೆ, ಅದನ್ನ ಮುಟ್ಟಬೇಡ. ಮೂರು ಗಂಟೆಗೆ ಕೊಟ್ಟರೆ ಸಾಕು.’ ಇಷ್ಟೇ. ಏನು ಬದಲಾಗಬೇಕು, ಏನು ಹಾಗೇ ಇರಲಿ, ಯಾವಾಗ ಬೇಕು. ‘ಅಂಗಡಿ ಹುಡುಗ’ನ ಮಾತು ನಿಮ್ಮ ಫೋನಿನಲ್ಲೇ ಇರಲಿ. ಮುಚ್ಚುಮರೆ ಇರಬಾರದು ಅನ್ನೋ ನಿಮ್ಮ ಮನಸ್ಸು ಒಳ್ಳೆಯದು. ಅದನ್ನ ತೋರಿಸಲು ಬೇರೆ ಜಾಗ ಇದೆ. ಈ ತಿಂಗಳು ಯಾವ ಕ್ಲೈಂಟ್ ದುಡ್ಡು ಕೊಟ್ಟಿಲ್ಲ, ಯಾವ ಹೊಸ ಕೆಲಸ ಬರುತ್ತಿದೆ, ಸಂಬಳ ಯಾವ ತಿಂಗಳು ಹೆಚ್ಚುತ್ತೆ ಅನ್ನೋದನ್ನ ಬಿಚ್ಚಿ ಹೇಳಿ ನೋಡಿ. ಎಷ್ಟು ಮಾಲೀಕರು ಬೈಗುಳ ಹಂಚುತ್ತಾರೆ, ಲೆಕ್ಕ ಹಂಚಲ್ಲ!

ಎರಡನೆಯದು, ಅರ್ಧ ಆದ ಕೆಲಸವನ್ನ ತೋರಿಸುವ ಒಂದು ಹೊತ್ತು ಇಡಿ. ದಿನಾ ಬೇಡ, ವಾರಕ್ಕೆ ಎರಡು ಸಲ ಸಾಕು. ಬೆಳಿಗ್ಗೆ ಹನ್ನೊಂದರ ಕಾಫಿ ಹೊತ್ತಿಗೆ, ಕಾಲು ಗಂಟೆ. ಇಬ್ಬರೋ ಮೂವರೋ ತಮ್ಮ ಕೆಲಸವನ್ನ ದೊಡ್ಡ ಸ್ಕ್ರೀನಿಗೆ ಹಾಕಲಿ. ಏನು ಹೇಳಬೇಕು ಅನ್ನೋದನ್ನ ಕೆಲಸ ಮಾಡಿದವರೇ ಕೇಳಿಕೊಳ್ಳಲಿ. ‘ಬಣ್ಣ ಬಿಡಿ, ಹೆಡ್‌ಲೈನ್ ಕಣ್ಣಿಗೆ ಮೊದಲು ಬೀಳುತ್ತಾ ನೋಡಿ’ ಅಂದರೆ ಹೆಡ್‌ಲೈನ್ ಬಗ್ಗೆ ಮಾತ್ರ ಮಾತು. ಮೊದಲ ವಾರ ನಿಮ್ಮದನ್ನೇ ಹಾಕಿ, ಅದೂ ಚೆನ್ನಾಗಿಲ್ಲದ್ದನ್ನ. ಯಾವುದೋ ಹೋಂಸ್ಟೇಗೆ ನೀವು ಬರೆದ, ನಿಮಗೇ ಇಷ್ಟ ಆಗದ ಮೂರು ಸಾಲು ಇದ್ದೇ ಇರುತ್ತೆ. ಮಾಲೀಕರ ಸಾಲನ್ನ ಇಂಟರ್ನ್ ಹುಡುಗ ‘ಇದು ಉದ್ದ ಆಯ್ತು’ ಅಂದು, ನೀವು ‘ಹೌದಲ್ವಾ’ ಅಂದು ಕತ್ತರಿಸಿದರೆ ಆ ಕೋಣೆಯ ಗಾಳಿ ಬದಲಾಗುತ್ತೆ. ಭಾಷಣದಿಂದ ಆಗದ್ದು ಅದರಿಂದ ಆಗುತ್ತೆ.

ಚಿಕ್ಕಮಗಳೂರಿನ ಒಂದು ಸ್ಟುಡಿಯೊದಲ್ಲಿ ನಾನು ನೋಡಿದ ವಿಷಯ ಇಲ್ಲಿ ಹೇಳಬೇಕು. ಅಲ್ಲಿ ಹಿರಿಯರೊಬ್ಬರಿದ್ದಾರೆ. ಮೊದಲು ಸ್ಕ್ರೀನ್ ಪ್ರಿಂಟಿಂಗ್, ಆಮೇಲೆ ಡಿಟಿಪಿ, ಈಗ ಇಲ್ಲಿ. ಹೊಸ ಸಾಫ್ಟ್‌ವೇರ್ ಅವರಿಗೆ ಅಷ್ಟಕ್ಕಷ್ಟೇ. ಆದರೆ ಫ್ಲೆಕ್ಸ್ ಆಗಲಿ, ಕಾಫಿ ಪ್ಯಾಕೆಟ್ ಆಗಲಿ, ಪ್ರಿಂಟಿಗೆ ಹೋಗುವ ಮುಂಚೆ ಅವರು ಗಟ್ಟಿಯಾಗಿ ಓದಬೇಕು ಅನ್ನೋದು ಅಲ್ಲಿನ ರೂಢಿ. ಒಂದು ಮಧ್ಯಾಹ್ನ ಹುಡುಗನೊಬ್ಬ ಲ್ಯಾಪ್‌ಟಾಪ್ ಎತ್ತಿಕೊಂಡೇ ಬಂದ. ಸ್ಕ್ರೀನ್ ಮೇಲೆ ‘ರಾಜ್‌ಯೋತ್‌ಸವದ ಹಾರ್‌ದಿಕ ಶುಭಾಶಯಗಳು’ ಅಂತಿತ್ತು. ಒತ್ತಕ್ಷರ ಎಲ್ಲ ಬಿಚ್ಚಿಕೊಂಡು ಪಕ್ಕಕ್ಕೆ ಬಂದು ಕೂತಿದ್ದವು. ಕನ್ನಡದಲ್ಲಿ ಡಿಸೈನ್ ಮಾಡುವವರಿಗೆ ಇದು ಗೊತ್ತಿರುವ ಕಾಟ. ಫೋಟೊಶಾಪಿನ ಟೈಪ್ ಸೆಟ್ಟಿಂಗಿನಲ್ಲಿ ವರ್ಲ್ಡ್-ರೆಡಿ ಲೇಔಟ್ ಆರಿಸಿಕೊಳ್ಳದಿದ್ದರೆ ಹೀಗಾಗುತ್ತೆ. ಕ್ಲೈಂಟ್ ಕಳಿಸಿದ ಹಳೇ ‘ನುಡಿ’ ತಂತ್ರಾಂಶದ ಫೈಲನ್ನ ಯೂನಿಕೋಡಿಗೆ ಬದಲಾಯಿಸುವಾಗ ಇನ್ನೊಂದು ಥರ ಕೆಡುತ್ತೆ. ಹಿರಿಯರು ಅದನ್ನ ಬಿಚ್ಚಿದ ಹಾಗೇ, ಒಂದೊಂದು ಅಕ್ಷರವನ್ನೂ ನಿಲ್ಲಿಸಿ ನಿಲ್ಲಿಸಿ ಓದಿದರು. ಇಡೀ ಆಫೀಸು ಬಿದ್ದು ಬಿದ್ದು ನಕ್ಕಿತು. ಹುಡುಗನೂ ನಕ್ಕ. ಪಕ್ಕದ ಮೇಜಿನ ಹುಡುಗಿ ಎದ್ದು ಬಂದು ಸೆಟ್ಟಿಂಗ್ ಎಲ್ಲಿದೆ ಅಂತ ತೋರಿಸಿದಳು. ಅಷ್ಟರಲ್ಲಿ ಇನ್ನೊಬ್ಬರು ‘ಇಲ್ಲಿ ಫೋನ್ ನಂಬರಲ್ಲಿ ಒಂದು ಅಂಕೆ ಕಡಿಮೆ ಇದೆಯಲ್ಲ’ ಅಂದರು. ಆ ಗಲಾಟೆ ಇಲ್ಲದಿದ್ದರೆ ಫ್ಲೆಕ್ಸ್ ಹಾಗೇ ಸರ್ಕಲ್ಲಿನಲ್ಲಿ ನಿಲ್ಲುತ್ತಿತ್ತು.

ಅವರು ಟೀಮ್ ಬಿಲ್ಡಿಂಗ್ ಅಂತ ಏನೂ ಮಾಡಿಲ್ಲ. ಆದರೆ ಯಾರ ತಪ್ಪನ್ನ ಯಾರು ಹಿಡಿದರೂ ಅಲ್ಲಿ ಅವಮಾನ ಆಗಲ್ಲ. ನಿಮಗೆ ನಾನು ಹೇಳಬೇಕಾದ ಒಂದೇ ಮಾತು ಇದು: ಏಜೆನ್ಸಿಯ ಒಗ್ಗಟ್ಟು ಕೆಲಸದ ಒಳಗೇ ಹುಟ್ಟಬೇಕು. ಕೆಲಸ ಮುಗಿದ ಮೇಲೆ ಐದೂವರೆಗೆ ಅದನ್ನ ಬೇರೆ ಮಾಡಿ ಬಡಿಸಲು ಆಗಲ್ಲ.

ಇನ್ನು ಹೆಡ್‌ಫೋನ್. ಅದನ್ನ ನೀವು ಶತ್ರು ಮಾಡಿಕೊಂಡಿದ್ದೀರಿ. ಬಿಟ್ಟುಬಿಡಿ. ವಿಡಿಯೊ ಎಡಿಟರಿಗೆ ಅದು ಕೆಲಸದ ಸಾಮಾನು. ಕಾಪಿ, ಅಂದರೆ ಜಾಹೀರಾತಿನ ಮಾತು, ಬರೆಯುವವರಿಗೆ ಅದೇ ಬಾಗಿಲು. ನೀವು ಗೋಡೆ ತೆಗೆಸಿದಿರಿ, ಅವರು ಕಿವಿಗೆ ಗೋಡೆ ಕಟ್ಟಿಕೊಂಡರು. ಇದು ನಿಮ್ಮಲ್ಲಿ ಮಾತ್ರ ಆಗಿದ್ದಲ್ಲ. ಈಥನ್ ಬರ್ನ್‌ಸ್ಟೀನ್, ಸ್ಟೀಫನ್ ಟರ್ಬನ್ ಅನ್ನುವ ಇಬ್ಬರು 2018ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಓಪನ್ ಆಫೀಸಿಗೆ ಬದಲಾದ ಎರಡು ದೊಡ್ಡ ಕಂಪನಿಗಳ ನೌಕರರಿಗೆ ಸೆನ್ಸರ್ ಹಾಕಿಸಿ ಲೆಕ್ಕ ತೆಗೆದಿದ್ದರು. ಗೋಡೆ ಹೋದ ಮೇಲೆ ಮುಖಾಮುಖಿ ಮಾತು ಸುಮಾರು 70 ಪ್ರತಿಶತ ಇಳಿದಿತ್ತು. ಇಮೇಲು, ಮೆಸೇಜು ಏರಿದ್ದವು. ಎಲ್ಲರೂ ನೋಡುತ್ತಿರುತ್ತಾರೆ ಅಂದಾಗ ಮನುಷ್ಯ ಬಾಯಿ ಮುಚ್ಚಿಕೊಳ್ಳುತ್ತಾನೆ.

ಇನ್ನೊಂದು ವಿಷಯ ಕೇಳಿ, ನಮ್ಮ ದಂಧೆಗೇ ಸೇರಿದ್ದು. ಎಲ್ಲರೂ ಗುಂಪಾಗಿ ಕೂತು ಐಡಿಯಾ ಎಸೆಯುವ ಬ್ರೇನ್‌ಸ್ಟಾರ್ಮಿಂಗ್ ಪದ್ಧತಿ ಹುಟ್ಟಿದ್ದು ಜಾಹೀರಾತು ಏಜೆನ್ಸಿಯಲ್ಲೇ. ಅಮೆರಿಕದ ಬಿಬಿಡಿಒ ಏಜೆನ್ಸಿಯ ಅಲೆಕ್ಸ್ ಆಸ್‌ಬಾರ್ನ್ ಅದನ್ನ 1940ರ ದಶಕದಲ್ಲಿ ಜನಪ್ರಿಯ ಮಾಡಿದರು. 1958ರಲ್ಲಿ ಯೇಲ್ ವಿಶ್ವವಿದ್ಯಾಲಯದವರು ಅದನ್ನ ಪರೀಕ್ಷೆ ಮಾಡಿ ನೋಡಿದರು. ನಾಲ್ಕು ಜನ ಒಟ್ಟಿಗೆ ಕೂತು ಕೊಟ್ಟ ಐಡಿಯಾಗಳಿಗಿಂತ, ನಾಲ್ಕು ಜನ ಬೇರೆ ಬೇರೆ ಕೂತು ಬರೆದದ್ದನ್ನ ಸೇರಿಸಿದಾಗ ಹೆಚ್ಚುಕಮ್ಮಿ ಎರಡು ಪಟ್ಟು ಸಿಕ್ಕಿತು. ಗುಂಪಿನಲ್ಲಿ ಒಬ್ಬರು ಮಾತಾಡುವಾಗ ಉಳಿದವರು ಸುಮ್ನೆ ಕೂರಬೇಕು. ಹಿರಿಯರು ಒಂದು ದಾರಿ ಹಿಡಿದರೆ ಎಲ್ಲರೂ ಅದೇ ದಾರಿ. ಹಾಗಾಗಿ ಕ್ಲೈಂಟಿಗೆ ಏನು ಬೇಕು ಅನ್ನೋ ಬ್ರೀಫ್ ಬಂದ ದಿನ ಎಲ್ಲರೂ ಅವರವರ ಮೂಲೆಯಲ್ಲಿ, ಬೇಕಾದರೆ ಹೆಡ್‌ಫೋನ್ ಹಾಕಿಕೊಂಡೇ, ಅರ್ಧ ಗಂಟೆ ಯೋಚಿಸಿ ಬರೆಯಲಿ. ಆಮೇಲೆ ಸೇರಿ. ಬರೆದದ್ದನ್ನ ಹೆಸರಿಲ್ಲದೆ ಗೋಡೆಗೆ ಅಂಟಿಸಿ ಆರಿಸಿ. ನಿಮ್ಮ ಆಫೀಸಿನ ಅತಿ ಮೌನಿಯ ಚೀಟಿ ಗೆಲ್ಲೋದನ್ನ ನೀವು ಅಲ್ಲಿ ನೋಡುತ್ತೀರಿ.

ಹಾಲ್‌ಗೆ ಮತ್ತೆ ಗೋಡೆ ಕಟ್ಟಿಸಬೇಕಿಲ್ಲ. ಎರಡು ಪುಸ್ತಕದ ಬೀರು ಅಡ್ಡ ಇಟ್ಟರೆ ಮೂರು ಮೂಲೆ ಆಗುತ್ತೆ. ಫೋನ್ ಮಾತಿಗೆ ಒಂದು ಬಾಗಿಲಿರುವ ಕೋಣೆ ಬೇಕೇ ಬೇಕು.

ಊಟದ ವಿಷಯಕ್ಕೆ ಬರೋಣ. ಒಟ್ಟಿಗೆ ಉಣ್ಣುವುದರಿಂದ ಲಾಭ ಇದೆ, ಅದರಲ್ಲಿ ನನಗೆ ಅನುಮಾನ ಇಲ್ಲ. ಅಮೆರಿಕದ ಅಗ್ನಿಶಾಮಕ ಠಾಣೆಗಳ ಮೇಲೆ ಕೆವಿನ್ ನಿಫಿನ್ ಮತ್ತು ಜೊತೆಯವರು 2015ರಲ್ಲಿ ಪ್ರಕಟಿಸಿದ ಅಧ್ಯಯನ ಇದೆ. ಒಟ್ಟಿಗೆ ಊಟ ಮಾಡುವ ತಂಡಗಳು ಕೆಲಸದಲ್ಲೂ ಮುಂದಿದ್ದವು. ಆದರೆ ಆ ಅಧ್ಯಯನ ಹಾಸನದ ಡಬ್ಬಿ ನೋಡಿಲ್ಲ. ನಮ್ಮ ಕಡೆ ಡಬ್ಬಿ ತೆಗೆದ ಕೂಡಲೇ ಜಾತಿ ಗೊತ್ತಾಗುತ್ತೆ, ಊರು ಗೊತ್ತಾಗುತ್ತೆ. ಮಲೆನಾಡಿನವರು ಅಕ್ಕಿರೊಟ್ಟಿ ತರುತ್ತಾರೆ, ಬಯಲು ಕಡೆಯವರು ಮುದ್ದೆ ಬಸ್ಸಾರು. ಸೋಮವಾರ ಭಾನುವಾರದ ಕೋಳಿ ಸಾರು ತಂದ ಹುಡುಗ ‘ನಂಗೆ ಹಸಿವಿಲ್ಲ, ಆಮೇಲೆ ತಿಂತೀನಿ’ ಅಂತ ಎಲ್ಲರೂ ಎದ್ದ ಮೇಲೆ ಒಬ್ಬನೇ ಕೂತು ತಿನ್ನುತ್ತಾನೆ. ಎಷ್ಟೋ ಆಫೀಸಿನಲ್ಲಿ ಇದು ನಡೆಯುತ್ತಿರುತ್ತೆ, ಮಾಲೀಕರಿಗೆ ಕಾಣಲ್ಲ. ಬೇರೆ ಬೇರೆ ಮೇಜು ಮಾಡಬೇಡಿ. ಹಂಚಿಕೊಳ್ಳಲೇಬೇಕು ಅಂತಲೂ ಮಾಡಬೇಡಿ. ಒಬ್ಬರ ಡಬ್ಬಿ ಬಗ್ಗೆ ಇನ್ನೊಬ್ಬರು ಮೂಗು ಮುರಿಯಬಾರದು, ಅಷ್ಟನ್ನ ಮಾತ್ರ ಗಟ್ಟಿಯಾಗಿ ಹೇಳಿ, ಹೇಳಿದ ಹಾಗೆ ನಡೆಸಿ. ಡಿಸೆಂಬರ್ ಬಂದರೆ ಸೊಗಡು ಅವರೆಕಾಯಿ ತಾನಾಗೇ ಎಲ್ಲರನ್ನೂ ಒಂದು ಮೇಜಿಗೆ ತರುತ್ತೆ. ನೀವೂ ವಾರಕ್ಕೆ ಒಂದೆರಡು ದಿನ ಅವರ ಜೊತೆ ಕೂರಿ. ದಿನಾ ಕೂತರೆ ನಿಮ್ಮ ಬಗ್ಗೆ ಮಾತಾಡಲು ಅವರಿಗೆ ಜಾಗ ಎಲ್ಲಿ?

ಇಲ್ಲೇ ಇನ್ನೊಂದು ಕೇಳಬೇಕು. ಕಾಫಿ ಲೋಟ ತೊಳೆಯುವವರು ಯಾರು? ಹುಟ್ಟುಹಬ್ಬಕ್ಕೆ ದುಡ್ಡು ಎತ್ತಿ ಕೇಕ್ ತರುವವರು, ಆಯುಧ ಪೂಜೆಗೆ ರಂಗೋಲಿ ಹಾಕುವವರು, ಬರುವ ಹೊಸಬರಿಗೆ ಪಿಜಿ ಹುಡುಕಿಕೊಡುವವರು? ಹನ್ನೊಂದು ಜನರಲ್ಲಿ ಒಬ್ಬಿಬ್ಬರು ಹೆಣ್ಣುಮಕ್ಕಳ ತಲೆ ಮೇಲೇ ಇದೆಲ್ಲ ಬಿದ್ದಿರುತ್ತೆ ಅಂತ ನಾನು ಪಣ ಕಟ್ಟುತ್ತೇನೆ. ಸರದಿ ಹಾಕಿ. ನಿಮ್ಮ ಹೆಸರೂ ಅದರಲ್ಲಿರಲಿ.

ಈಗ ಹೆಸರಿನ ವಿಷಯ. ಕ್ರಿಯೇಟಿವ್ ಕೆಲಸದಲ್ಲಿ ಜನ ಸಂಬಳಕ್ಕಿಂತ ಬೇಗ ಸಿಟ್ಟಾಗುವುದು ಇದಕ್ಕೇ. ಪ್ಯಾಕೆಟ್ ಡಿಸೈನ್ ಮಾಡಿದ್ದು ಅವಳು, ಕ್ಲೈಂಟ್ ಮುಂದೆ ತೋರಿಸಿದ್ದು ನೀವು, ‘ನಾವು ಹೀಗೆ ಯೋಚಿಸಿದೆವು’ ಅಂದಿದ್ದು ನೀವು. ಅವಳು ಹಿಂದಿನ ಕುರ್ಚಿಯಲ್ಲಿ ಲ್ಯಾಪ್‌ಟಾಪ್ ಹಿಡಿದು ಕೂತಿರುತ್ತಾಳೆ, ಅಥವಾ ಮೀಟಿಂಗಿಗೇ ಬಂದಿರಲ್ಲ. ನಿಮ್ಮ ಆಫೀಸಿನಿಂದ ಸುಮಾರು 40 ಕಿಲೋಮೀಟರ್ ದೂರದಲ್ಲಿ ಬೇಲೂರಿದೆ. 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವ ದೇವಾಲಯ. ಕಟ್ಟಿಸಿದ್ದು ವಿಷ್ಣುವರ್ಧನ, ಅದು ಶಾಸನದಲ್ಲಿದೆ. ಆದರೆ ಅಲ್ಲಿನ ಮದನಿಕೆಗಳ ಪೀಠ ನೋಡಿ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ಇನ್ನೂ ಎಷ್ಟೋ ಜನ ತಮ್ಮ ಹೆಸರನ್ನ ತಾವೇ ಕೆತ್ತಿದ್ದಾರೆ. ಕೆಲವರು ಬಿರುದನ್ನೂ ಬಿಟ್ಟಿಲ್ಲ. ಮುಂದಿನ ಶತಮಾನದಲ್ಲಿ ಸೋಮನಾಥಪುರದಲ್ಲಿ ಮಲ್ಲಿತಮ್ಮ ಎಷ್ಟೊಂದು ಮೂರ್ತಿಗಳ ಕೆಳಗೆ ಸಹಿ ಹಾಕಿದ್ದಾನೆ. ಭಾರತದ ದೇವಾಲಯಗಳಲ್ಲಿ ಶಿಲ್ಪಿಯ ಹೆಸರು ಇಷ್ಟೊಂದು ಸಿಗುವುದು ಅಪರೂಪ. ಬೇಲೂರು, ಹಳೇಬೀಡು, ಸೋಮನಾಥಪುರದ ಈ ದೇವಾಲಯಗಳು 2023ರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರಿದವು. ಒಂಬತ್ತು ನೂರು ವರ್ಷದ ಹಿಂದೆ ಹೊಯ್ಸಳರ ಕಾಲದಲ್ಲಿ ನಡೆದದ್ದು ನಿಮ್ಮ ಹಾಲಿನಲ್ಲಿ ನಡೆಯಬಾರದಾ?

ಮಾಡುವುದು ಕಷ್ಟ ಅಲ್ಲ. ಪ್ರೆಸೆಂಟೇಶನ್ನಿನ ಕೊನೆಯ ಸ್ಲೈಡಿನಲ್ಲಿ ಯಾರು ಏನು ಮಾಡಿದರು ಅಂತ ಹೆಸರು ಹಾಕಿ. ಡಿಸೈನ್, ಬರಹ, ಎಡಿಟ್, ಫೋಟೊ, ಪ್ರೂಫ್ ಓದಿದವರ ಹೆಸರೂ. ನಿಮ್ಮ ಪೇಜಿನಲ್ಲಿ ಆ ಕೆಲಸ ಹಾಕುವಾಗ ಅವರನ್ನ ಟ್ಯಾಗ್ ಮಾಡಿ. ಕ್ಲೈಂಟ್ ಹೊಗಳಿದರೆ, ಆ ಮೆಸೇಜನ್ನ ಗ್ರೂಪಿಗೆ ಖಂಡಿತ ಹಾಕಿ, ಹೆಸರು ಸಮೇತ. ಗ್ರೂಪು ಇರುವುದೇ ಅದಕ್ಕೆ. ಹೆಸರು ಹಾಕಿದರೆ ಬೆಂಗಳೂರಿನವರು ಎತ್ತಿಕೊಂಡು ಹೋಗುತ್ತಾರೆ ಅನ್ನೋ ಭಯ ಎಲ್ಲ ಮಾಲೀಕರಿಗೂ ಇರುತ್ತೆ. ಹೆಸರು ಹಾಕದಿದ್ದರೂ ಹೋಗುತ್ತಾರೆ, ಇನ್ನೂ ಬೇಗ ಹೋಗುತ್ತಾರೆ.

ನಿಮ್ಮ ಊರಿನ ಕ್ಯಾಲೆಂಡರ್ ಬಗ್ಗೆಯೂ ಒಂದೆರಡು ಮಾತು. ಬೆಂಗಳೂರಿನ ಏಜೆನ್ಸಿಗಳ ಪದ್ಧತಿಯನ್ನ ಹಾಗೇ ತಂದು ಹಾಸನದಲ್ಲಿ ಹಾಕಿದರೆ ಕೂರಲ್ಲ. ಹಾಸನಾಂಬೆ ಗುಡಿ ವರ್ಷಕ್ಕೊಮ್ಮೆ ಆಶ್ವಯುಜದಲ್ಲಿ ಬಾಗಿಲು ತೆಗೆದು, ದೀಪಾವಳಿ ಮುಗಿಯುವ ಹೊತ್ತಿಗೆ ಮುಚ್ಚುತ್ತೆ. ಆ ದಿನಗಳಲ್ಲಿ ಊರಿನ ರಸ್ತೆ ನಿಮಗೆ ಗೊತ್ತೇ ಇದೆ. ಎಲ್ಲರ ಮನೆಯಲ್ಲೂ ನೆಂಟರು. ಅದೇ ಹೊತ್ತಿಗೆ ಒಡವೆ ಅಂಗಡಿಯ ದೀಪಾವಳಿ ಜಾಹೀರಾತು, ಅದರ ಹಿಂದೆಯೇ ನವೆಂಬರ್ 1ರ ರಾಜ್ಯೋತ್ಸವದ ಪೋಸ್ಟು. ವರ್ಷದ ಅತಿ ಹೆಚ್ಚು ಕೆಲಸ ಮತ್ತು ವರ್ಷದ ಅತಿ ಹೆಚ್ಚು ನೆಂಟರು ಒಂದೇ ವಾರದಲ್ಲಿ. ಪ್ರತಿ ವರ್ಷ ಬರುವ ಹಬ್ಬ ಪ್ರತಿ ವರ್ಷ ಎಮರ್ಜೆನ್ಸಿ ಹೇಗಾಗುತ್ತೆ? ಸೆಪ್ಟೆಂಬರಿನಲ್ಲೇ ಕ್ಲೈಂಟ್‌ಗಳಿಗೆ ಕಡೆಯ ದಿನಾಂಕ ಹೇಳಿ. ಆ ವಾರ ಅರ್ಧ ಜನ ಮನೆಯಿಂದಲೇ ಕೆಲಸ ಮಾಡಲಿ.

ಆಮೇಲೆ ಕಾಫಿ. ನಿಮ್ಮ ಹುಡುಗರಲ್ಲಿ ಒಂದಿಬ್ಬರ ಮನೆಯಲ್ಲಾದರೂ ಸಣ್ಣ ತೋಟ ಇರಬಹುದು, ಸಕಲೇಶಪುರದ ಕಡೆಯೋ, ಮೂಡಿಗೆರೆ ಕಡೆಯೋ. ಡಿಸೆಂಬರ್ ಜನವರಿಯಲ್ಲಿ ಕೊಯ್ಲು. ಆಳು ಸಿಗಲ್ಲ, ಮನೆಯವರೇ ನಿಲ್ಲಬೇಕು. ಆಗ ಅವನು ರಜೆ ಕೇಳಿದರೆ ಮುಖ ಸಣ್ಣ ಮಾಡಬೇಡಿ, ವರ್ಷದ ಮೊದಲೇ ಬರೆದಿಟ್ಟುಕೊಳ್ಳಿ. ಮಾರ್ಚ್ ಏಪ್ರಿಲ್‌ನಲ್ಲಿ ಸಂಜೆ ಗುಡುಗಿದರೆ ಅವನು ಫೋನ್ ಹಿಡಿದು ಹೊರಗೆ ಓಡುತ್ತಾನಲ್ಲ, ‘ಎಷ್ಟು ಸೆಂಟ್ ಆಯ್ತಮ್ಮ?’ ಅಂತ ಕೇಳುತ್ತಾನಲ್ಲ, ಅದು ಹೂಮಳೆಯ, ಅಂದರೆ ಕಾಫಿ ಹೂ ಬಿಡಿಸುವ ಮಳೆಯ ಲೆಕ್ಕ. ನೂರು ಸೆಂಟ್ ಅಂದರೆ ಒಂದು ಇಂಚು. ವರ್ಷದ ಫಸಲು ಅದರ ಮೇಲೆ ನಿಂತಿರುತ್ತೆ. ಇದು ನಿಮ್ಮ ಕೆಲಸಕ್ಕೂ ಬರುತ್ತೆ. ಕಾಫಿ ಬ್ರಾಂಡಿಗೆ ಡಿಸೆಂಬರಿನಲ್ಲಿ ‘ಈಗ ನಮ್ಮ ತೋಟದಲ್ಲಿ ಹೂವಿನ ಘಮ’ ಅಂತ ಪೋಸ್ಟ್ ಹಾಕುವ ಏಜೆನ್ಸಿಗಳಿವೆ! ತೋಟದ ಹುಡುಗನನ್ನ ಒಂದು ಮಾತು ಕೇಳಿದ್ದರೆ ಸಾಕಿತ್ತು. ಅವನು ವಿಡಿಯೊ ಎಡಿಟರ್ ಆಗಿದ್ದರೂ ಆ ಬ್ರೀಫಿಗೆ ಅವನನ್ನ ಕೂರಿಸಿಕೊಳ್ಳಿ. ತನಗೆ ಗೊತ್ತಿರುವುದಕ್ಕೆ ಆಫೀಸಿನಲ್ಲಿ ಬೆಲೆ ಇದೆ ಅಂತ ಗೊತ್ತಾದವನು ಸುಮ್ನೆ ಕೂರಲ್ಲ.

‘ಒಂದೇ ಮನೆಯವರು’ ಅನ್ನೋ ಮಾತನ್ನ ಸ್ವಲ್ಪ ಕಡಿಮೆ ಮಾಡಿ. ನಾಲ್ಕು ಜನ ಇದ್ದಾಗ ಅದು ನಿಜವೇ ಇರಬಹುದು. ಹನ್ನೊಂದು ಜನರಲ್ಲಿ ಕೊನೆಗೆ ಸೇರಿದವರಿಗೆ ಅದು ಹೇಗೆ ಕೇಳಿಸುತ್ತೆ ಗೊತ್ತಾ? ಭಾನುವಾರ ಕರೆದರೂ ಬರಬೇಕು, ಸಂಬಳ ಹೆಚ್ಚು ಕೇಳಬಾರದು ಅನ್ನೋ ಹಾಗೆ. ನಮ್ಮಲ್ಲಿ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961ರಿಂದ ಇದೆ. ವಾರಕ್ಕೆ 48 ಗಂಟೆ ಮಿತಿ, ಅದಕ್ಕಿಂತ ಜಾಸ್ತಿ ಆದರೆ ದುಪ್ಪಟ್ಟು ಕೂಲಿ. ಏಜೆನ್ಸಿಗಳಲ್ಲಿ ಇದನ್ನ ಯಾರೂ ಎಣಿಸಲ್ಲ, ‘ಕ್ರಿಯೇಟಿವ್ ಕೆಲಸ ಅಲ್ವಾ’ ಅಂತಾರೆ. ನೀವು ಎಣಿಸಿ. ತಡ ಆದ ದಿನದ ಲೆಕ್ಕ ಇಡಿ. ರಾತ್ರಿ ಎಂಟರ ಮೇಲೆ ಗ್ರೂಪಿನಲ್ಲಿ ಮೆಸೇಜ್ ಬೇಡ, ನಿಮ್ಮದೂ ಬೇಡ. ನಿಮಗೆ ರಾತ್ರಿಯೇ ಹೊಳೆಯುವ ಅಭ್ಯಾಸ ಇದ್ದರೆ ಬರೆದಿಟ್ಟು ಬೆಳಿಗ್ಗೆ ಕಳಿಸಿ.

ಕಾನೂನಿನ ಮಾತು ಬಂತು ಅಂತ ಇದನ್ನೂ ಹೇಳಿಬಿಡುತ್ತೇನೆ. ನೀವು 11 ಜನ. ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಕಡೆ, ಹೆಣ್ಣುಮಕ್ಕಳ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಪ್ರಕಾರ ಆಂತರಿಕ ಸಮಿತಿ ಇರಲೇಬೇಕು. ಅಧ್ಯಕ್ಷೆ ಹಿರಿಯ ಮಹಿಳಾ ಉದ್ಯೋಗಿ, ಸದಸ್ಯರಲ್ಲಿ ಕನಿಷ್ಠ ಅರ್ಧ ಮಹಿಳೆಯರು, ಹೊರಗಿನವರು ಒಬ್ಬರು. ದೂರು ಮಾಲೀಕರ ಮೇಲೇ ಇದ್ದರೆ ಅದು ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗುತ್ತೆ. ‘ನಮ್ಮಲ್ಲಿ ಅಂಥದ್ದೇನೂ ಇಲ್ಲ’ ಅನ್ನಬೇಡಿ. ಸಮಿತಿಯ ಹೆಸರುಗಳನ್ನ ಕಾಫಿ ಮೇಜಿನ ಪಕ್ಕದ ಗೋಡೆಗೆ ಅಂಟಿಸಿ.

ಟ್ರಿಪ್ಪಿಗೆ ಹೋಗಿ, ಬೇಡ ಅನ್ನಲ್ಲ. ಆದರೆ ಮೇಲಿನದ್ದೆಲ್ಲ ಒಂದಷ್ಟು ತಿಂಗಳು ನಡೆದ ಮೇಲೆ ಹೋಗಿ. ಈಗ ಹೋದರೆ ಬಸ್ಸಿನಲ್ಲೂ ಹೆಡ್‌ಫೋನೇ. ಭಾನುವಾರ ಬೇಡ, ಕೆಲಸದ ದಿನವೇ ಹೋಗಿ. ಅವರ ರಜೆಯನ್ನ ತಿಂದು ಖುಷಿ ಕೊಡಲು ಆಗಲ್ಲ. ಬರಲೇಬೇಕು ಅಂತ ಮಾಡಬೇಡಿ. ಮಂಜರಾಬಾದ್ ಕೋಟೆ ಹತ್ತಿರವೇ ಇದೆ. ಟಿಪ್ಪು ಕಾಲದ್ದು, ಎಂಟು ಮೂಲೆಯ ನಕ್ಷತ್ರದ ಆಕಾರ. ಡಿಸೈನ್ ಮಾಡುವವರಿಗೆ ಆ ನಕ್ಷೆಯೇ ಒಂದು ಪಾಠ. ಮಳೆಗಾಲದಲ್ಲಿ ಹೋದರೆ ಇಂಬಳಕ್ಕೆ, ಅಂದರೆ ಜಿಗಣೆಗೆ, ಉಪ್ಪು ಇಟ್ಟುಕೊಳ್ಳಿ. ಪಿಜಿಯಲ್ಲಿರುವ ಹುಡುಗಿಯರಿಗೆ ಗೇಟ್ ಮುಚ್ಚುವ ಹೊತ್ತಿದೆ, ಅದಕ್ಕೆ ಮುಂಚೆ ವಾಪಸ್ ಬನ್ನಿ. ಶುಕ್ರವಾರದ ಆಟವನ್ನ ಸದ್ಯಕ್ಕೆ ನಿಲ್ಲಿಸಿ, ಆ ಹೊತ್ತಿಗೆ ಎಲ್ಲರನ್ನೂ ಮನೆಗೆ ಕಳಿಸಿ. ಅವರಿಗೇ ಬೇಕು ಅನ್ನಿಸಿದರೆ ಅವರೇ ಮತ್ತೆ ಶುರು ಮಾಡುತ್ತಾರೆ. ಅದು ಅಂತ್ಯಾಕ್ಷರಿ ಆಗಿರಲ್ಲ, ಕ್ರಿಕೆಟ್ಟೋ ಇನ್ನೇನೋ ಆಗಿರುತ್ತೆ. ಆಗ ನೀವು ಬ್ಯಾಟು ಕೊಡಿಸಿದರೆ ಸಾಕು.

ಬೆಂಗಳೂರಿಗೆ ಹೋಗುವವರನ್ನ ತಡೆಯಲು ಆಗಲ್ಲ. ಕುಣಿಗಲ್ ಮೇಲಿನ ರೈಲು 2017ರಲ್ಲಿ ಶುರುವಾದ ಮೇಲಂತೂ ಬೆಂಗಳೂರು ಪಕ್ಕದ ಊರಿನ ಹಾಗಾಗಿದೆ. ಅಲ್ಲಿನ ಸಂಬಳ ನೀವು ಕೊಡಲು ಆಗಲ್ಲ, ಅಲ್ಲಿನ ದೊಡ್ಡ ಬ್ರಾಂಡೂ ನಿಮ್ಮ ಹತ್ತಿರ ಇಲ್ಲ. ಇಪ್ಪತ್ತಮೂರರ ವಯಸ್ಸಿಗೆ ಅದು ಬೇಕು ಅನ್ನಿಸೋದು ಸಹಜ. ನೀವು ನೋಡಬೇಕಾದ್ದು ಅವರು ಹೇಗೆ ಹೋಗುತ್ತಾರೆ ಅಂತ. ರಾಜೀನಾಮೆ ಕೊಟ್ಟ ದಿನದಿಂದ ಅವರ ಜೊತೆ ಮಾತು ಬಿಡುವ ಮಾಲೀಕರಿದ್ದಾರೆ. ಉಳಿದವರೆಲ್ಲ ಅದನ್ನ ನೋಡುತ್ತಿರುತ್ತಾರೆ, ನಾಳೆ ನಮಗೂ ಇದೇ ಅಂದುಕೊಳ್ಳುತ್ತಾರೆ. ಅದರ ಬದಲು, ಹೋಗುವ ವಿಷಯವನ್ನ ಎರಡು ತಿಂಗಳು ಮೊದಲೇ ನಿಮಗೆ ಧೈರ್ಯವಾಗಿ ಹೇಳುವ ಹಾಗಿರಲಿ. ಹೋಗುವವರು ತಮಗೆ ಗೊತ್ತಿರುವುದನ್ನ ಇನ್ನೊಬ್ಬರಿಗೆ ಕಲಿಸಿ ಹೋಗಲಿ. ಫೈಲುಗಳನ್ನ ‘ಫೈನಲ್’, ‘ಫೈನಲ್ ಹೊಸದು’, ‘ಇದೇ ಫೈನಲ್’ ಅಂತ ಬಿಡದೆ ಸರಿಯಾಗಿ ಹೆಸರಿಟ್ಟು ಜೋಡಿಸಿ ಕೊಡಲಿ. ಹೋದವರಲ್ಲಿ ಕೆಲವರು ನಾಳೆ ನಿಮಗೆ ಫ್ರೀಲ್ಯಾನ್ಸ್ ಮಾಡುತ್ತಾರೆ, ಕೆಲವರು ಕ್ಲೈಂಟ್ ಕಳಿಸುತ್ತಾರೆ. ಅಪ್ಪ ಅಮ್ಮನಿಗೆ ವಯಸ್ಸಾಯಿತು, ತೋಟ ನೋಡಬೇಕು ಅಂತ ಮೂವತ್ತರ ಮೇಲೆ ವಾಪಸ್ ಬರುವವರೂ ಇದ್ದಾರೆ. ಅವರಿಗೆ ಊರಿನಲ್ಲಿ ಒಳ್ಳೆಯ ಕೆಲಸ ಸಿಗೋದು ನಿಮ್ಮಂಥವರ ಹತ್ತಿರವೇ. ಕ್ಲೈಂಟ್ ಗುಟ್ಟಾಗಿಡಿ ಅಂದ ಕೆಲಸ ಬಿಟ್ಟು ಉಳಿದದ್ದನ್ನ ಪೋರ್ಟ್‌ಫೋಲಿಯೊದಲ್ಲಿ ಹಾಕಿಕೊಳ್ಳಬಹುದು ಅಂತ ಹೊರಡುವವರಿಗೆ ಬರಹದಲ್ಲಿ ಕೊಡಿ. ಕೊನೆಯ ತಿಂಗಳ ಸಂಬಳವನ್ನ ಉಳಿದವರಿಗೆ ಕೊಡುವ ದಿನವೇ ಕೊಡಿ.